ಕಲಾಂದ್ರಿಯಾಳ ಬಲಗಾಲು

ಪಿಲಾರ್, ಸೋಮವಾರ

ಪ್ರೀತಿಯ ಅಜ್ಜನಿಗೆ,

ಪರೀಕ್ಷೆ ಮುಗಿಯುವ ತನಕ ಬರೆಯುವುದಿಲ್ಲ ಎಂದಿದ್ದೆ, ಕ್ಷಮಿಸಿ. ಇಂದು ನಿಮ್ಮ ಕುದುರೆ ಕಲಾಂದ್ರಿಯಾಳ ಊದಿದ ಎಡ ಮುಂಗಾಲಿನ ಸ್ಕ್ಯಾನ್ ಇತ್ತು. ಕೂದಲು ಬೋಳಿಸುವ ಕೆಲಸ ನನ್ನದು. ಎದುರು ನಿಂತು ಗಾಬರಿಯಲ್ಲಿ ನನ್ನ ಎಡಕ್ಕಿದ್ದ ಕಾಲನ್ನೇ ಬೋಳಿಸಿಬಿಟ್ಟೆ. ಅದು ಅವಳ ಬಲಗಾಲು! 'ಏ ಇಂಗ್ಲಿಷ್ ಹುಡುಗಿ, ನಿನ್ನ ಹಾಸ್ಟೆಲ್ ಶಾಲೆಯಲ್ಲಿ ಎಡ ಬಲ ಹೇಳಿಕೊಡ್ಲಿಲ್ವೇನೇ?' ಎಂದು ಲಾಯದ ಎವುಸೆಬಿಯೊ ನಕ್ಕ. 'ಬೋಳಿಸಿದ್ದಾಯ್ತಲ್ಲ, ಅದನ್ನೂ ನೋಡೋಣ ಬಿಡು' ಎಂದರು ಡಾಕ್ಟರಮ್ಮ. ಎಡಗಾಲಿನ ಸ್ನಾಯುರಜ್ಜುವಿನ ಎಳೆಗಳು ತೆರೆಯ ಮೇಲೆ ಬಾಚಿದ ಕೂದಲಿನಂತೆ ನೇರವಾಗಿದ್ದವು. ಬಲಗಾಲಿನ ಎಳೆಗಳ ನಡುವೆ ಮಸೂರ ಕಾಳಿನಷ್ಟು ಕಪ್ಪು ತೂತು! ಅಲ್ಲಿ ಹರಿದಿದೆಯಂತೆ. ಆ ನೋವಿಗೆ ಭಾರವನ್ನೆಲ್ಲ ಎಡಗಾಲಿಗೇ ಹಾಕಿ ಅದು ಊದಿತ್ತಂತೆ. ಆರು ತಿಂಗಳು ವಿಶ್ರಾಂತಿ ಕೊಟ್ಟರೆ ಕೂಡಿಕೊಳ್ಳುತ್ತದೆ, ಈಗ ಓಡಿಸಿದರೆ ಕಾಲೇ ಹೋಗುತ್ತದೆ. ನನ್ನ ಕೆಮ್ಮು ವಾಸಿಯಾಗಿದೆ. ಪೋಲೋ ತಂಡದವರು ತಿಂಗಳ ಕೊನೆಯ ಆಟಕ್ಕೆ ಅವಳೇ ಬೇಕೆನ್ನುತ್ತಿದ್ದಾರೆ. ನಾನು ಬೇಡವೆಂದರೆ ಯಾರು ಕೇಳುತ್ತಾರೆ? ದಯವಿಟ್ಟು ಅವಳನ್ನು ಓಡಿಸಬೇಡಿ ಎಂದು ನೀವೇ ಬೇಗ ಅವರಿಗೆ ಬರೆಯಿರಿ.

ನಿಮ್ಮ ಐರೀನ್