ಪರದೆಯ ಮುಂದಿನ ನಗು

ಮುಂಡರಗಿ
೩ ಫೆಬ್ರವರಿ ೨೦೨೫

ಹುಲಿಗೇಶ ಅವರಿಗೆ ದುರ್ಗಾಳ ನಮಸ್ಕಾರ.

ನಿಮ್ಮನ್ನು ಬಿಟ್ಟು ತವರಿಗೆ ಬಂದ ಮೇಲೆ ಬರೆಯುತ್ತಿರುವ ಮೊದಲ ಪತ್ರ ಇದು. ಫೋನಿನಲ್ಲಾದರೆ ಜಗಳ ಆಗುತ್ತದೆ. ನಿಮ್ಮ ತೀರ್ಪಿನ ಮೇಲೆ ದೂರು ಕೊಟ್ಟವಳು ನಾನೇ. ಅದನ್ನು ನೀವು ಬೇರೆಯವರ ಬಾಯಿಂದ ಕೇಳುವುದು ಬೇಡ.

ಗದಗದ ಫುಟ್‌ಬಾಲ್ ಫೈನಲ್‌ನಲ್ಲಿ ನೀವು ವಿಡಿಯೋ ನೋಡುವ ರೆಫರಿ ಅಂದಾಗ, ಹೆಂಡತಿ ಕಲಿಸಿದ ತಂಡ ಅಂತ ನಮ್ಮ ಕಡೆ ವಾಲುತ್ತೀರಿ ಎಂದೇ ಜನ ಮಾತಾಡಿದ್ದರು. ಕೊನೇ ಗಳಿಗೆಯಲ್ಲಿ ನಮ್ಮ ನೀಲಾ ಗೋಲು ಹೊಡೆದಳು. ಹುಡುಗಿಯರು ಮಣ್ಣಲ್ಲಿ ಬಿದ್ದು ಕುಣಿದರು. ಆಗ ಲಕ್ಷ್ಮೇಶ್ವರದ ಕೋಚ್ ಸುಶ್ಮಿತಾ ತಕರಾರು ತೆಗೆದು, ಸೀದಾ ಪೆಂಡಾಲಿಗೆ ಬಂದು, ಪರದೆಯ ಮುಂದೆ ನಿಮ್ಮ ಪಕ್ಕದ ಕುರ್ಚಿಯಲ್ಲೇ ಕುಳಿತಳು. ನೀವೇನೋ ಅಂದಿರಿ. ಆಕೆ ನಕ್ಕಳು. ನೀವೂ ನಕ್ಕಿರಿ. ಆಮೇಲೆ ತೀರ್ಪು ಬಂತು: ಚೆಂಡು ನೀಲಾಳ ಕೈಗೆ ತಾಗಿದೆ, ಗೋಲಿಲ್ಲ.

"ಟೀಚರ್, ನಿಮ್ಮ ಯಜಮಾನ್ರ ಹಿಂಗ ಮಾಡಿದ್ರಲ್ರಿ" ಅಂತ ನೀಲಾ ಅತ್ತಳು. ಅಲ್ಲೇ ನಿಂತು ದೂರು ಬರೆದುಕೊಟ್ಟೆ.

ಮರುದಿನ ಕಮಿಟಿಯ ಹಿರಿಯರಾದ ಮೌಲಾಸಾಬರು ನನ್ನನ್ನು ಕರೆಸಿ, ವಿಡಿಯೋ ನಿಧಾನಕ್ಕೆ ಓಡಿಸಿ ತೋರಿಸಿದರು. ಖರೆ ಹೇಳುತ್ತೇನೆ, ಮೊಣಕೈಗೆ ತಾಗಿದ್ದು ಕಣ್ಣಿಗೆ ರಾಚುವಂತೆ ಕಾಣುತ್ತಿತ್ತು. ಅಷ್ಟಕ್ಕೇ ಎದ್ದು ಬರಬೇಕಿತ್ತು.

"ಪೆಂಡಾಲ್ ಕಡೀದು ವಿಡಿಯೋ ಇಲ್ಲೇನ್ರಿ?" ಅಂತ ಕೇಳಿಬಿಟ್ಟೆ.

ಅವರು ಕನ್ನಡಕ ತೆಗೆದರು. "ತಂಗಿ, ನಿನ್ನ ತಕರಾರು ಗೋಲಿನ ಮ್ಯಾಲೋ, ಅವರು ನಕ್ಕಿದ್ದರ ಮ್ಯಾಲೋ?"

ದೂರು ಹಿಂದಕ್ಕೆ ತೆಗೆದುಕೊಂಡೆ. ತೀರ್ಪು ಸರಿಯಿತ್ತು ಅಂತ ಹುಡುಗಿಯರಿಗೂ ನಾನೇ ಹೇಳಿದೆ. ನೀಲಾ ತಲೆ ಬಗ್ಗಿಸಿ, "ನನಗ ಅವಾಗ ಗೊತ್ತಾಗಿತ್ರಿ" ಅಂದಳು.

ನನ್ನ ಜೊತೆ ಇದ್ದಾಗ ನೀವು ಹಾಗೆ ಬಾಯ್ತುಂಬ ನಕ್ಕಿದ್ದು ನನಗೆ ನೆನಪಿಲ್ಲ. ಊಟಕ್ಕೆ ಕುಳಿತಾಗಲೂ ಪೇಪರು ಅಡ್ಡ ಹಿಡಿಯುತ್ತಿದ್ದಿರಿ. ಆಕೆಗೆ ಅಂಥದ್ದೇನು ಹೇಳಿದಿರಿ? ತಿಳಿಸಲೇಬೇಕು ಅಂತೇನಿಲ್ಲ. ತಿಳಿಸಿದರೆ ಒಳ್ಳೆಯದು.

ಇಂತಿ,
ದುರ್ಗಾ

ತಾ.ಕ.: ಬರುವ ರವಿವಾರ ಶಿರಹಟ್ಟಿಯ ಪಂದ್ಯಕ್ಕೆ ವಿಡಿಯೋ ನೋಡಲು ಯಾರು ಬೇಕು ಅಂತ ಕಮಿಟಿಯವರು ಕೇಳಿದರು. ನೀವೇ ಬೇಕು ಅಂದಿದ್ದೇನೆ. ಆ ದಿನ ಲಕ್ಷ್ಮೇಶ್ವರದವರ ಆಟ ಇಲ್ಲ. ಅದನ್ನು ವಿಚಾರಿಸಿಕೊಂಡೇ ಹೇಳಿದ್ದು.