ಚುಕ್ಕೆ ತುಂಬುವ ಕುಂಚ

ಮಾರ್ಚ್ ೯, ಭಾನುವಾರ

ಪ್ರೀತಿಯ ಹದ್ದುಗಣ್ಣಿಗೆ,

ನಿನ್ನ ಅಣ್ಣನ ಆಶೀರ್ವಾದಗಳು. ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಕೈನೋವಿನ ನೆಪ ಹೇಳಬಹುದಿತ್ತು. ಕೈ ಚೆನ್ನಾಗಿಯೇ ಇದೆ. ನಿನ್ನ ಅತ್ತಿಗೆ ದಿನಾ ಕೇಳುತ್ತಾಳೆ, "ತಂಗಿಗೆ ಕಾಗದ ಹಾಕಿದ್ರಾ? ಪಾಪ, ದಾರಿ ಕಾಯ್ತಿರ್ತಾಳೆ." ನಾಳೆ, ನಾಳೆ ಎನ್ನುತ್ತಲೇ ಚಳಿಗಾಲ ಕಳೆದುಬಿಟ್ಟೆ.

ಹೋದ ತಿಂಗಳು ವೀಕ್ಷಣಾಲಯದವರು ಕರೆಸಿದ್ದರು. ನಮ್ಮ ಕಾಲದಲ್ಲಿ ಸೂರ್ಯನ ಫೋಟೋ ತೆಗೆದ ಗಾಜಿನ ನೆಗೆಟಿವ್‌ಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಯಾವ ಪೆಟ್ಟಿಗೆಯಲ್ಲಿ ಯಾವ ವರ್ಷದ್ದು ಎಂದು ಹೇಳಲು ನಾನು ಬೇಕಾಗಿತ್ತು. ಅದೇ ಕತ್ತಲೆ ಕೋಣೆ, ಅದೇ ಹುಳಿ ವಾಸನೆ. ನನ್ನ ಮುಕ್ಕಾಲಿ ಇನ್ನೂ ಇದೆ, ನನ್ನ ಹಾಗೇ ಕುಂಟುತ್ತಾ.

ನಿನಗೆ ನೆನಪಿದೆಯಲ್ಲ, ನೆಗೆಟಿವ್ ಮೇಲೆ ಧೂಳು ಕೂತ ಕಡೆ ಪ್ರಿಂಟಿನಲ್ಲಿ ಬಿಳಿ ಚುಕ್ಕೆ ಬೀಳುತ್ತಿತ್ತು. ಸಣ್ಣ ಕುಂಚದಿಂದ ಅದಕ್ಕೆ ಬೂದು ಶಾಯಿ ತುಂಬಿ ಫೈಲಿಗೆ ಸೇರಿಸುವುದು ನನ್ನ ಕೆಲಸ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬೀಗುತ್ತಿದ್ದೆ. ನೀನು ಭೂತಗನ್ನಡಿ ಹಿಡಿದು ಬೆನ್ನ ಹಿಂದೆ ನಿಂತು, "ಅಣ್ಣಾ, ಎಲ್ಲಾ ಧೂಳಲ್ಲ ಕಣೋ. ಸೂರ್ಯನಲ್ಲೇ ಏನೋ ಮಿನುಗ್ತಿದೆ" ಎನ್ನುತ್ತಿದ್ದೆ. ಹಗಲಲ್ಲೇ ನಕ್ಷತ್ರ ಕಾಣುತ್ತಾಳೆ ಎಂದು ಎಲ್ಲರ ಮುಂದೆ ಗೇಲಿ ಮಾಡುತ್ತಿದ್ದೆ.

ಈಗ ಅಲ್ಲಿರುವ ವಿಜ್ಞಾನಿ ಒಬ್ಬ ಹೆಣ್ಣುಮಗಳು. ಹಳೆಯ ಪ್ರಿಂಟನ್ನೂ ನೆಗೆಟಿವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. "ನೋಡಿ ಸಾರ್, ಇವೆಲ್ಲ ಪುಟ್ಟ ಪುಟ್ಟ ಕಾಂತಕ್ಷೇತ್ರಗಳು. ಸೂರ್ಯನ ವಾತಾವರಣದ ಕೆಳಪದರದಲ್ಲಿ ಎದುರುಬದುರು ಬಂದು ತಾಗಿದ್ರೆ ಫಕ್ಕಂತ ಬೆಳಗಿ, ಐದತ್ತು ನಿಮಿಷದಲ್ಲಿ ಆರಿಹೋಗ್ತವೆ. ಪ್ರಿಂಟಲ್ಲಿ ಯಾರೋ ಎಷ್ಟು ನೀಟಾಗಿ ಮುಚ್ಚಿಬಿಟ್ಟಿದಾರೆ!" ಆ ಯಾರೋ ನಾನೇ ಎಂದೆ. ಅವರು ನಾಲಿಗೆ ಕಚ್ಚಿಕೊಂಡರು.

ಅಂದು ನಿನ್ನ ಮಾತು ಕೇಳಿ ನಿರ್ದೇಶಕರು ಫೈಲಿನಿಂದ ಪ್ರಿಂಟು ತರಿಸಿದಾಗ ಒಂದು ಚುಕ್ಕೆಯೂ ಇರಲಿಲ್ಲ. "ನೆಗೆಟಿವ್ ನೋಡಿದವರು ನೀವು, ಏನಂತೀರಿ?" ಎಂದು ನನ್ನ ಕಡೆ ತಿರುಗಿದರು. "ಧೂಳು ಸಾರ್" ಎಂದೆ. ತಿಂಗಳೊಳಗೆ ನೀನು ಕೆಲಸ ಬಿಟ್ಟೆ. ಮೂವತ್ತು ವರ್ಷ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟೆ. ಒಂದು ದಿನವೂ ನನ್ನನ್ನು ದೂರಲಿಲ್ಲ. ಅದೇ ನನ್ನನ್ನು ಕೊಲ್ಲುತ್ತಿದೆ.

ಗೊತ್ತಿಲ್ಲದೆ ಆದ ತಪ್ಪು, ಕ್ಷಮಿಸು. ನಮ್ಮ ನೆಗೆಟಿವ್‌ಗಳಲ್ಲಿ ಈ ಚುಕ್ಕೆಗಳನ್ನು ಮೊದಲು ಕಂಡವಳು ನೀನೆಂದು ಅವರಿಗೆ ಬರೆದುಕೊಟ್ಟಿದ್ದೇನೆ. ಶಾಯಿ ಮುಟ್ಟಿಸದ ಎರಡು ಪ್ರಿಂಟು ಇದರ ಜೊತೆಗಿವೆ. ನಿನ್ನ ಕಣ್ಣು ನೂರು ಕಾಲ ತಂಪಾಗಿರಲಿ.

ಇಂತು,
ನಿನ್ನ ಅಣ್ಣ

ಮತ್ತೆ: ಲಕೋಟೆ ಅಂಟಿಸಿದವನು ಬಿಚ್ಚಿ ಬರೆಯುತ್ತಿದ್ದೇನೆ. ಗೊತ್ತಿಲ್ಲದೆ ಎಂದದ್ದು ಸುಳ್ಳು. ನಿರ್ದೇಶಕರ ಕೋಣೆಗೆ ಬರುವ ಮುಂಚೆ, ನಿಮಿಷದ ಅಂತರದಲ್ಲಿ ತೆಗೆದ ಎರಡು ನೆಗೆಟಿವ್‌ಗಳನ್ನು ದೀಪಕ್ಕೆ ಹಿಡಿದು ನೋಡಿದ್ದೆ. ಎರಡರಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕೆ. ಧೂಳು ಹಾಗೆ ಎರಡು ಗಾಜಿನ ಮೇಲೆ ಕೂರುವುದಿಲ್ಲ. ಹತ್ತು ವರ್ಷ ನೋಡಿದರೂ ನನಗೆ ಕಾಣದ್ದು ಮೊನ್ನೆ ಮೊನ್ನೆ ಬಂದ ನಿನಗೆ ಕಂಡಿತಲ್ಲ ಎಂದು ಹೊಟ್ಟೆ ಉರಿದಿತ್ತು. ಆಮೇಲೆ ನೀನು ನಿನ್ನ ಕಣ್ಣನ್ನೇ ನಂಬದೆ ಪರೀಕ್ಷೆ ಮಾಡಿಸಲು ಹೊರಟೆ. ಜೊತೆಗೆ ಬಂದವನೂ ನಾನೇ. "ಏನೂ ದೋಷ ಇಲ್ವಲ್ಲಮ್ಮ" ಎಂದರು ಕಣ್ಣಿನ ಡಾಕ್ಟರು. "ಇನ್ನೊಂದ್ಸಲ ನೋಡಿ ಡಾಕ್ಟ್ರೇ" ಎಂದವನು ನಾನು.