ಎರಡು ಸಲ ಸತ್ತ ಮುದಿಯಪ್ಪ

8 ಜನವರಿ 2025, ಬುಧವಾರ

ಬೆಳಿಗ್ಗೆಯಿಂದ ಮಗ್ಗದ ಮೇಲೆ. ಸೆರಗಿನ ಕೆಲಸ, ಕಣ್ಣು ಎತ್ತುವ ಹಾಗಿಲ್ಲ. ಅಂಥ ಹೊತ್ತಿಗೇ ಫೋನ್. ಗೊತ್ತಿಲ್ಲದ ನಂಬರ್. ಕಟ್ ಮಾಡಿದೆ. ಮತ್ತೆ ಬಂತು.

ನರಗುಂದದಿಂದ ಈಶಪ್ಪ ಮಾಸ್ತರ್ ಅಂತೆ, ರಿಟೈರ್ಡ್. ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಯುದ್ಧಕ್ಕೆ ಹೋಗಿ ಸತ್ತವರನ್ನು ಹಳೇ ಪೆನ್ಶನ್ ಕಾಗದಗಳಲ್ಲಿ ಹುಡುಕುತ್ತಿದ್ದಾರಂತೆ. ಇಪ್ಪತ್ತಾರಕ್ಕೆ ಅವರೂರಲ್ಲಿ ಹೆಸರು ಕೆತ್ತಿದ ಕಲ್ಲು ನಿಲ್ಲಿಸುತ್ತಾರೆ. ನಮ್ಮ ಮನೆಯದೂ ಒಂದು ಹೆಸರಿದೆ — ಮುದಿಯಪ್ಪ, ಗಜೇಂದ್ರಗಡ, 1965ರ ಯುದ್ಧದಲ್ಲಿ ಮರಣ, ಹೆಂಡತಿ ವೀರವ್ವ.

ಮುದಿಯಪ್ಪ ನನ್ನ ಅಜ್ಜ. ವೀರವ್ವ ನನ್ನ ಆಯಿ, ಒಳಗೆ ನೂಲು ಸುತ್ತುತ್ತಾ ಕೂತಿದ್ದಾಳೆ. ಅಜ್ಜ ಸತ್ತದ್ದು 2006ರಲ್ಲಿ, ಇದೇ ಮನೆಯಲ್ಲಿ. ಆಗ ನಾನು ಹತ್ತನೇ ಇಯತ್ತೆ. ಬಾಯಿಗೆ ನೀರು ಬಿಟ್ಟವಳೇ ನಾನು. ಯುದ್ಧದ ಮಾತಿರಲಿ, ಅವನು ಗದಗ ದಾಟಿ ಹೋದವನಲ್ಲ.

ಇನ್ನೇನು ಓಟಿಪಿ ಕೇಳುತ್ತಾನೆ ಅಂತ ಕಾದೆ. ಕೇಳಲಿಲ್ಲ. ಅದಕ್ಕೇ ಅನುಮಾನ ಜಾಸ್ತಿಯಾಯಿತು. ಅಜ್ಜನ ಫೋಟೊ ಇದ್ದರೆ ಕಳಿಸಿ ಅಂದರು. ಫೋನ್ ಇಟ್ಟುಬಿಟ್ಟೆ.

9 ಜನವರಿ

ಅಪ್ಪನಿಗೆ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಆಯಿಗೆ ಹೇಳಿದೆಯಾ ಅಂತ ಮೊದಲು ಕೇಳಿದ. ಇಲ್ಲ ಅಂದೆ.

“ಹೇಳಬ್ಯಾಡ. ಆ ನಂಬರ್ ಬ್ಲಾಕ್ ಮಾಡು.”

ಅಷ್ಟಂದು ಚಾ ಅರ್ಧಕ್ಕೇ ಬಿಟ್ಟು ಹೊರಗೆ ಹೋದ. ನನ್ನಪ್ಪ ಶಿವನಪ್ಪ, ಮನೆಗೆ ಬೆಂಕಿ ಬಿದ್ದರೂ ಚಾ ಮುಗಿಸಿ ಏಳುವವನು. ಏನೋ ಇದೆ. ಬ್ಲಾಕ್ ಮಾಡಲಿಲ್ಲ.

12 ಜನವರಿ, ರವಿವಾರ

ನೂಲು ತರಲು ಅಂತ ಸುಳ್ಳು ಹೇಳಿ ನರಗುಂದಕ್ಕೆ ಹೋಗಿ ಬಂದೆ. ಮಾಸ್ತರರ ಬಾಗಿಲು ಬಡಿಯುವ ಮೊದಲು ಎದುರಿನ ಕಿರಾಣಿ ಅಂಗಡಿಯಲ್ಲಿ ವಿಚಾರಿಸಿದೆ, ಮನುಷ್ಯ ಹೇಗೆ ಅಂತ. ಚಲೋ ಮನುಷ್ಯ ಅಂದ. ಇವನೂ ಶಾಮೀಲೋ ಏನೋ ಅನಿಸಿತು. ನನ್ನ ಬುದ್ಧಿಯೇ ಅಷ್ಟು.

ಮಾಸ್ತರರು ಕಾಗದ ತೋರಿಸಿದರು. ಹೆಸರು, ತಂದೆಯ ಹೆಸರು, ಓಣಿ — ಎಲ್ಲ ನಮ್ಮದೇ. ಪೆನ್ಶನ್ ರೋಣದಲ್ಲಿ ತಿಂಗಳಾ ತಿಂಗಳಾ ಎತ್ತಿದ್ದಾರೆ, 2006ರವರೆಗೆ. ಆಮೇಲೆ ಯಾರೂ ಬಂದಿಲ್ಲ. ವೀರವ್ವನೂ ತೀರಿಕೊಂಡಿರಬೇಕು ಅಂದರು. ನಾನು ತಿದ್ದಲಿಲ್ಲ. ಯಾಕೆ ಹೇಳಬೇಕು.

ಆದರೆ ಸಿಪಾಯಿಯ ಎತ್ತರ ಐದಡಿ ಹತ್ತು ಅಂತಿದೆ. ನನ್ನಜ್ಜ ಗಿಡ್ಡ. ಗೋಡೆಯ ಮಾಡದಲ್ಲಿ ದೀಪ ಇಡಲು ಮಣೆ ಹಾಕಿಕೊಂಡು ನಿಲ್ಲುತ್ತಿದ್ದ.

ಬಸ್ಸಿನಲ್ಲಿ ಉದ್ದಕ್ಕೂ ಇದೇ ಕೊರೆಯಿತು. ಮುದಿಯಪ್ಪ ಖರೇ ಯುದ್ಧದಲ್ಲಿ ಸತ್ತಿದ್ದರೆ, ಆಮೇಲೆ ನಮ್ಮ ಮನೆಯಲ್ಲಿ ಮುದಿಯಪ್ಪ ಅಂತ ಬದುಕಿದವನು ಯಾರು? ಆಯಿ ಯಾವನನ್ನೋ ತಂದು, ಸತ್ತ ಗಂಡನ ಹೆಸರು ಕೊಟ್ಟು ಇಟ್ಟುಕೊಂಡಳೇ? ಅಪ್ಪ ಹುಟ್ಟಿದ್ದು ಅರವತ್ತೆರಡರಲ್ಲಿ, ಯುದ್ಧಕ್ಕೆ ಮೊದಲು. ಹಾಗಾದರೆ ನನಗೆ ಲಾಳಿ ಹಿಡಿಯಲು ಕಲಿಸಿದವನು, ಹೆಗಲ ಮೇಲೆ ಹೊತ್ತು ಓಣಿಯೆಲ್ಲ ತಿರುಗಿದವನು ನನ್ನ ಅಜ್ಜನೇ ಅಲ್ಲ…

ಬರೆಯಲೂ ನಾಚಿಕೆ. ಅವನು ನನ್ನವನಲ್ಲ ಅಂತಾದರೆ ನಾನು ತಡೆದುಕೊಳ್ಳಲಾರೆ.

14 ಜನವರಿ, ಸಂಕ್ರಾಂತಿ

ಬಳೆ ಇಡಿಸಿಕೊಳ್ಳಲು ನಾಹೀದಳ ಅಂಗಡಿಗೆ ಹೋಗಿದ್ದೆ. ಸುಮ್ಮನೆ ಆಯಿಯ ಮಾತು ತೆಗೆದೆ. ನಾಹೀದ ತಾನಾಗಿಯೇ ಹೇಳಿದಳು.

“ಅವ್ರ ಕೈಗೆ ಬಳಿ ಇಡತಿದ್ದಾಕಿ ನಮ್ಮ ಅತ್ತೀನ. ತಿಂಗಳಿಗೊಮ್ಮೆ ರೋಣದ ಬಸ್ ಇಳದು ಸೀದಾ ಇಲ್ಲೇ ಬರತಿದ್ರು. ಖಾಲಿ ಕೈ, ಹಣಿಮ್ಯಾಲೂ ಏನಿಲ್ಲ. ನಿಮ್ಮಜ್ಜಾರು ಹೊರಗ ಕಟ್ಟಿಮ್ಯಾಲೆ ಕುಂತಿರತಿದ್ರು.”

ಬಳೆ ಒಡೆದರೆ ಇನ್ನೊಂದು ಏರಿಸುವವರೆಗೆ ಕೈಗೆ ದಾರವಾದರೂ ಕಟ್ಟಿಕೊಳ್ಳುವ ಜನ ನಾವು. ಮುತ್ತೈದೆ ಬರಿಗೈ, ಬರಿ ಹಣೆಯಲ್ಲಿ ಬಸ್ ಹತ್ತುತ್ತಿದ್ದಳು. ಗಂಡ ಅನ್ನಿಸಿಕೊಂಡವನು ಕಟ್ಟೆಯ ಮೇಲೆ ಕಾಯುತ್ತಿದ್ದ. ಅಂದರೆ ರೋಣಕ್ಕೆ ಹೋಗುವಾಗ ವಿಧವೆ, ಬಂದ ಮೇಲೆ ಮುತ್ತೈದೆ. ಇಬ್ಬರೂ ಸೇರಿಯೇ ಮಾಡಿದ್ದಾರೆ.

ಎಳ್ಳು-ಬೆಲ್ಲ ಕೊಡುವಾಗ ಆಯಿಯ ಮುಖ ನೋಡಲಾಗಲಿಲ್ಲ.

21 ಜನವರಿ, ಮಂಗಳವಾರ, ಸಂಜೆ

ವಾರ ಏನೂ ಬರೆದಿಲ್ಲ. ಆಯಿಯ ಹಿಂದೆ ಬೆಕ್ಕಿನ ಹಾಗೆ ಸುತ್ತಿದ್ದೇ ಬಂತು. ಇವತ್ತು ಮಾಸ್ತರರ ಫೋನ್. ನಾಳೆ ಕಲ್ಲು ಕೆತ್ತುತ್ತಾರೆ, ಮುದಿಯಪ್ಪ ಅಂತ ಹಾಕಿಸಲೇ ಅಂದರು. ನಾಳೆ ಹೇಳುತ್ತೇನೆ ಅಂದೆ. ಆಯಿ ಹಿಂದೆಯೇ ನಿಂತಿದ್ದಳು.

“ವಾರದಿಂದ ನನ್ನ ಕಳ್ಳರನ್ನ ನೋಡಿದಂಗ ನೋಡಾಕತ್ತಿ. ಏನದು ಕೇಳಿಬಿಡು ಬನಶ್ರೀ.”

ಕೇಳಿಬಿಟ್ಟೆ. ನನ್ನಜ್ಜ ಯಾರು ಅಂತ.

ಆಯಿ ಕೂತಳು. ಅಜ್ಜನಿಗೆ ಹೂವಪ್ಪ ಅಂತ ತಮ್ಮನಿದ್ದನಂತೆ. ನಾನು ಈ ಹೆಸರೇ ಕೇಳಿಲ್ಲ. ಎತ್ತರದ ಆಳು, ಸಾಲೆ ಕಲಿತವನಲ್ಲ. ಸೈನ್ಯಕ್ಕೆ ಸೇರಲು ಸಾಲೆಯ ಸರ್ಟಿಫಿಕೇಟ್ ಬೇಕಾದಾಗ ಅಣ್ಣನದನ್ನೇ ಹಿಡಿದು ಹೋಗಿ ಮುದಿಯಪ್ಪ ಅಂತ ಸೇರಿಕೊಂಡ. ಹೆಂಡತಿ ಯಾರು ಅಂತ ಕೇಳಿದರಂತೆ. ಅಣ್ಣನ ಹೆಸರು ಹೇಳಿದವನು ಅಣ್ಣನ ಹೆಂಡತಿಯ ಹೆಸರನ್ನೇ ಹೇಳಿದ. ಅರವತ್ತೈದರಲ್ಲಿ ತಂತಿ ಬಂತು. ಮುದಿಯಪ್ಪ ಸತ್ತ ಅಂತ ಅಂಚೆಯವನು ಓದಿದ. ಮಗ್ಗದಿಂದ ಎದ್ದು ಬಂದು ಕೇಳಿಸಿಕೊಂಡವನು ಮುದಿಯಪ್ಪನೇ.

ಖರೇ ಹೇಳಿದರೆ ಜೈಲು ಅಂತ ಹೆದರಿದರು. ಹೂವಪ್ಪ ದುಡಿಯಲು ದೂರ ಹೋದ ಅಂತ ಓಣಿಗೆ ಹೇಳಿದರು. ಅವನ ಹೆಸರು ಹಿಡಿದು ಅಳುವ ಹಾಗಿಲ್ಲ, ಎಡೆ ಇಡುವ ಹಾಗಿಲ್ಲ. ಅತ್ತೆಯೇ ಆಯಿಯ ಕುಂಕುಮ ಒರೆಸಿ ಪೆನ್ಶನ್ ತರಲು ರೋಣಕ್ಕೆ ಕಳಿಸಿದಳು.

“ಹೋಗೂ ಮುಂದ ತಾಳಿ ಬಿಚ್ಚಿ ನಿಮ್ಮಜ್ಜನ ಕೈಯಾಗ ಕೊಡತಿದ್ದೆ. ಬಂದ ಮ್ಯಾಲೆ ಅವರ ಕಟ್ಟತಿದ್ರು. ತಿಂಗಳಾ ತಿಂಗಳಾ ಲಗ್ನ ನೋಡು ನಮ್ದು ಅಂತ ನಗತಿದ್ರು. ನನಗ ನಗು ಬರತಿರಲಿಲ್ಲವ್ವಾ. ಜೀವಂತ ಇದ್ದವರನ್ನ ಸಾಯಿಸಿ ಬರತಿದ್ದೆ ನಾ.”

2006ರಲ್ಲಿ ಯಾಕೆ ಬಿಟ್ಟೆ ಅಂದೆ.

“ತಿರಗಿ ಬಂದ್ರ ಕಟ್ಟಾವ್ರು ಯಾರಿದ್ರು?”

ಅಜ್ಜ ನನ್ನ ಅಜ್ಜನೇ. ಆಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಸಮಾಧಾನಕ್ಕೂ ಅತ್ತೆ, ಇವಳ ಬಗ್ಗೆ ಏನೆಲ್ಲ ಯೋಚಿಸಿದೆನಲ್ಲ, ಅದಕ್ಕೂ.

22 ಜನವರಿ

ಅಪ್ಪ ಬೇಡವೇ ಬೇಡ ಅಂದ. ಮುದಿಯಪ್ಪ ಅಂತಲೇ ಇರಲಿ. ಹೆಸರು ಬದಲಿಸಿದರೆ ವಿಚಾರಣೆ ಬರುತ್ತದೆ, ಈ ವಯಸ್ಸಿನಲ್ಲಿ ಆಯಿಯನ್ನು ಕಚೇರಿ ಅಲೆಸುತ್ತಾರೆ. ನನಗೂ ಅದೇ ಭಯ. ಮಾಸ್ತರರನ್ನು ಎಷ್ಟು ನಂಬುವುದು, ನಾಳೆ ಪೇಪರಿಗೆ ಕೊಟ್ಟರೆ? ನಾವಿಬ್ಬರೂ ಒಂದಾದೆವು. ಆಯಿ ಒಪ್ಪಲಿಲ್ಲ.

“ಕಲ್ಲಿನ ಮ್ಯಾಲೆ ಮತ್ತ ಅವರನ್ನ ಸಾಯಿಸಬ್ಯಾಡ್ರಿ. ನನ್ನ ಒಯ್ದ್ರ ಒಯ್ಯಲಿ. ಆ ಹುಡುಗಗ ಇವತ್ತಿನ ತನಕ ಯಾರೂ ಅತ್ತಿಲ್ಲ.”

ಮಾಸ್ತರರಿಗೆ ಫೋನ್ ಹಚ್ಚಿದೆ. ಆಯಿ ಫೋನ್ ಇಸಿದುಕೊಂಡಳು. ತಾನು ವೀರವ್ವ, ಸತ್ತಿಲ್ಲ ಅಂದಳು. ಸತ್ತವನು ಗಂಡನಲ್ಲ, ಮೈದುನ ಅಂದಳು. ಹೂವಪ್ಪ ಅಂತ ಎರಡು ಸಲ ಬಿಡಿಸಿ ಹೇಳಿದಳು. “ಬರಕೊಂಡೀನ್ರಿ ಅವ್ವಾರ,” ಅಂದರು ಮಾಸ್ತರರು.

ಆಯಿ ಫೋನ್ ನನ್ನ ಕೈಗಿಟ್ಟು ಹೊರಗೆ ಕಟ್ಟೆಗೆ ಹೋದಳು. ಕೂತು, ಸೆರಗು ಬಾಯಿಗೆ ಹಿಡಿದು, ಆಮೇಲೆ ಸೆರಗನ್ನೂ ಬಿಟ್ಟು, ಹೂವಪ್ಪನ ಹೆಸರು ಹಿಡಿದು ಅಳತೊಡಗಿದಳು. ಸತ್ತ ಮನೆಯಲ್ಲಿ ಹಾಡಿಕೊಂಡು ಅಳುತ್ತಾರಲ್ಲ, ಹಾಗೆ. ಅಪ್ಪ ಅವಳನ್ನು ಒಳಗೆ ಕರೆತರಲು ಎದ್ದವನು ಬಾಗಿಲಲ್ಲೇ ನಿಂತುಬಿಟ್ಟ.

ಓಣಿಯ ಹೆಣ್ಣುಮಕ್ಕಳು ಓಡಿ ಬಂದರು. ಯಾರು ಹೋದರು ಅಂತ ನನ್ನನ್ನು ಕೇಳಿದರು. ನಮ್ಮ ಸಣ್ಣಜ್ಜ ಅಂದೆ. ಯಾವಾಗ ಅಂದರು. ಅರವತ್ತೈದರಲ್ಲಿ ಅಂದೆ, ಯುದ್ಧದಲ್ಲಿ.